ನಾಲ್ಕನೇ ಕೊಳವೆ

ಫೆಬ್ರುವರಿ ೬

ಅಣ್ಣಾ,

ಕೆಲಸ ಸಿಕ್ಕಿತು. ಮೊದಲು ಅತ್ತಿಗೆಗೆ ಹೇಳು, ಆಮೇಲೆ ಮುಂದೆ ಓದು.

ಸಾಹಿತ್ಯ ಓದಿದವಳಿಗೆ ಮಣ್ಣು ಶುದ್ಧ ಮಾಡುವ ಕಂಪನಿಯಲ್ಲಿ ಏನು ಕೆಲಸ ಎಂದು ನೀನು ನಗುತ್ತೀಯ. ಇಲ್ಲಿ ಎಂಜಿನಿಯರುಗಳು ಬರೆದದ್ದು ಎಂಜಿನಿಯರುಗಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ. ಅದನ್ನು ಬೀದಿಯ ಜನ ಓದುವಂಥ ಕರಪತ್ರ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಕಿಟಕಿ ಪಕ್ಕದಲ್ಲಿ ಒಂದು ಮೇಜು, ಟೈಪ್‌ರೈಟರು, ದಿನಕ್ಕೆರಡು ಸಲ ಟೀ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಸಂದರ್ಶನದಲ್ಲಿ ಸಾಹೇಬರು, "ಸ್ವಲ್ಪ ಗಟ್ಟಿಯಾಗಿ ಮಾತಾಡಮ್ಮಾ, ನಾವೇನು ಹುಲಿಗಳಲ್ಲ" ಎಂದರು. ನಾನು ಇನ್ನೂ ಮೆಲ್ಲಗೆ "ಸರಿ ಸರ್" ಎಂದೆ.

ಮುಖ್ಯ ವಿಷಯ ಈಗ. ಕಂಪನಿ ಈ ಸಲ ಕೈಗೆತ್ತಿಕೊಂಡಿರುವುದು ನಿಮ್ಮ ಬೀದಿಯನ್ನು. ಮೂಲೆಯ ಹಳೆಯ ಪೆಟ್ರೋಲ್ ಬಂಕಿನ ಟ್ಯಾಂಕು ಸೋರಿ ಸೋರಿ ನಿನ್ನ ನೆಲಮಾಳಿಗೆಯ ಬೇಕರಿ ಭಟ್ಟಿಯನ್ನು ಆರಿಸಿತಲ್ಲ, ಆ ಮಣ್ಣನ್ನೂ ಅದರಡಿಯ ನೀರನ್ನೂ ಶುದ್ಧ ಮಾಡುತ್ತಾರೆ. ಅದೂ ಹೊಲದ ಕಸದಿಂದ! ಬಂಕಿನ ಮಣ್ಣನ್ನು ಅಗೆದು, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆಯ ಪುಡಿ ಬೆರೆಸಿ ರಾಶಿ ಹಾಕುತ್ತಾರೆ. ಹೊಟ್ಟಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ಪೆಟ್ರೋಲನ್ನೇ ತಿಂದು ಬದುಕುತ್ತವೆ. ನೆಲದಡಿಯ ನೀರಿಗೆ ಮಾತ್ರ ಬೀದಿಯುದ್ದಕ್ಕೂ ಕೊಳವೆ ಇಳಿಸಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನು ತೆಳ್ಳಗೆ ಕಲಸಿ ಅಳತೆ ಮಾಡಿ ಬಿಡುತ್ತಾರೆ. ಜೀವಾಣುಗಳಿಗೆ ಚುರುಕು ಬರಲಿ ಎಂದು.

ನಿನ್ನ ಭಾಷೆಯಲ್ಲಿ ಹೇಳುವುದಾದರೆ ಇದು ಬ್ರೆಡ್ಡಿನ ಹಿಟ್ಟು ಹುದುಗು ಬಂದ ಹಾಗೆ. ನೆಲವೇ ಹಿಟ್ಟು, ಜೀವಾಣುವೇ ಈಸ್ಟು, ಕಾಕಂಬಿಯೇ ಸಕ್ಕರೆ. ಕಾದು ಕೂತರೆ ಸಾಕು, ಕೆಲಸ ತಾನಾಗಿ ಆಗುತ್ತದೆ.

ನಕ್ಷೆಯಲ್ಲಿ ನಾಲ್ಕನೇ ಕೊಳವೆ ನಿನ್ನ ಹಿತ್ತಲಿನಲ್ಲೇ ಬರುತ್ತದೆ. ಅದು ನನ್ನ ಅಣ್ಣನ ಮನೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಸಂಬಂಧಿಕರ ಮನೆಗೆ ವಿಶೇಷ ಆರೈಕೆ ಎಂದು ಯಾರಾದರೂ ಅಂದರೆ ನನಗೆ ತಲೆಯೆತ್ತಲು ಆಗುವುದಿಲ್ಲ. ನೀನೂ ಅಲ್ಲಿ ಬಾಯಿ ಬಿಡಬೇಡ.

ನಿನ್ನ ತಂಗಿ


ಫೆಬ್ರುವರಿ ೧೯

ಇಲಿಮರೀ,

ನಿನ್ನ ಪತ್ರವನ್ನು ಅತ್ತಿಗೆ ಎರಡು ಸಲ ಓದಿಸಿಕೊಂಡಳು. ಹುದುಗಿನ ಸಾಲು ಬಂದಾಗ, "ಅಬ್ಬಾ, ಈ ಹುಡುಗಿ ಬಾಯಿ ಬಿಡಲ್ಲ, ಆದ್ರೆ ಬರೆದ್ರೆ ನೋಡಿ" ಎಂದಳು. ಪಕ್ಕದ ಕಟಿಂಗ್ ಶಾಪಿನ ಕತ್ತರಿಗೂ ಓದಿ ಹೇಳಿದೆ. ಕತ್ತರಿ ಎಂಬುದು ಅವನ ಕೈಗೆ ಇಟ್ಟ ಹೆಸರೋ ನಾಲಗೆಗೆ ಇಟ್ಟದ್ದೋ ನಿನಗೇ ಗೊತ್ತು. ಹೋದ ವರ್ಷ ನಮ್ಮ ಬ್ರೆಡ್ಡಿಗೆಲ್ಲ ಪೆಟ್ರೋಲ್ ವಾಸನೆ ಹಿಡಿದಾಗ, "ನಿನ್ನ ಬನ್ನಿಗೆ ಕಿಕ್ ಹೊಡೆದ್ರೆ ಸ್ಟಾರ್ಟ್ ಆಗತ್ತೆ ಕಣೋ" ಎಂದು ಬೀದಿಗೆಲ್ಲ ಹಂಚಿದವನು ಅವನೇ. ಈಗ ಅವನೇ, "ಹುದುಗಿನ ಕೆಲಸ ಆದ್ರೆ ನಿನ್ನನ್ನೇ ಎಂಜಿನಿಯರ್ ಮಾಡ್ಬೇಕಿತ್ತು" ಎನ್ನುತ್ತಾನೆ.

ಕೊಳವೆ ಇಳಿಸಿ ಹೋದರು. ಗುರುವಾರ ಗುರುವಾರ ಇಬ್ಬರು ಬಂದು ಒಂದು ಡಬ್ಬಿ ನೀರು ಸುರಿದು ಹೋಗುತ್ತಾರೆ. ಬಣ್ಣ ನೋಡಿದರೆ ಕಾಕಂಬಿ ಅಲ್ಲ, ಸೋಸಿದ ಟೀ. ಬೆರಳಲ್ಲಿ ಅದ್ದಿ ನಾಲಗೆಗೆ ಇಟ್ಟೆ. ಸಿಹಿ ಇದೆಯೋ ಇಲ್ಲವೋ ಎಂದು ಯೋಚಿಸಬೇಕಾಯಿತು. ಇಷ್ಟು ಉದ್ದದ ಬೀದಿಯನ್ನು ಹುದುಗು ಬರಿಸಲು ಇಷ್ಟೇ ಇಷ್ಟು ಸಕ್ಕರೆಯೇ? ಎಷ್ಟು ಹಾಕುತ್ತಾರೆ, ಹೆಚ್ಚಿಸಿದರೆ ಬೇಗ ಆಗುತ್ತದೆಯೇ, ಕೇಳಿ ಬರೆ.

ನಾವು ಚೆನ್ನಾಗಿದ್ದೇವೆ. ಭಟ್ಟಿ ಆರಿದರೂ ಹೇಗೋ ನಡೆದಿದೆ, ಅದರ ಚಿಂತೆ ನಿನಗೆ ಬೇಡ.

ಅಣ್ಣ


ಮಾರ್ಚ್ ೫

ಅಣ್ಣಾ,

ನಿನ್ನ ಪತ್ರ ನೋಡಿ ಎಷ್ಟು ಖುಷಿಯಾಯಿತೆಂದರೆ ಮೇಜಿನ ಕೆಳಗೆ ಇಟ್ಟುಕೊಂಡು ಮತ್ತೆ ಓದಿದೆ. ಹುದುಗಿನ ಹೋಲಿಕೆ ಸಾಹೇಬರಿಗೂ ಹಿಡಿಸಿತು. "ಇದನ್ನ ಕರಪತ್ರದ ತಲೆಯಲ್ಲೇ ಹಾಕಿ" ಎಂದರು. ಬರುವ ವಾರ ನಿಮ್ಮ ಬೀದಿಗೆ ಹಂಚುತ್ತಾರೆ.

ನಮ್ಮಲ್ಲಿ ದಪ್ಪ ಕನ್ನಡಕದ ಒಬ್ಬ ಎಂಜಿನಿಯರ್ ಇದ್ದಾರೆ, ನಿಮ್ಮ ಬೀದಿಯ ಕೆಲಸ ಅವರದೇ. ಕರಪತ್ರ ಓದಿ, "ಹೋಲಿಕೆ ಚೆನ್ನಾಗಿದೆ. ಆದರೆ ಒಂದು ಕಡೆ ಕುಂಟತ್ತೆ" ಎಂದು ನಕ್ಕರು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದರು. ಎಲ್ಲಿ ಕುಂಟುತ್ತದೆ ಎಂದು ಕೇಳಬೇಕು ಅನ್ನಿಸಿತು. ಅವರ ಮೇಜಿನವರೆಗೆ ಹೋಗಿ, ಪಕ್ಕದ ಬೀರುವಿನಲ್ಲಿ ಏನೋ ಹುಡುಕುವವಳ ಹಾಗೆ ನಿಂತು, ವಾಪಸ್ ಬಂದೆ. ಹೋಲಿಕೆ ಎಂದ ಮೇಲೆ ಸ್ವಲ್ಪ ಕುಂಟಲೇಬೇಕು, ಅಲ್ಲವೇ?

ಹಾಗಾಗಿ ಅಳತೆಯ ವಿಷಯವನ್ನೂ ಕೇಳಲಾಗಲಿಲ್ಲ. ಅವರು ಲೆಕ್ಕ ಹಾಕಿಯೇ ಬಿಡುತ್ತಿರುತ್ತಾರೆ.

ಅತ್ತಿಗೆಗೆ ತಲೆನೋವು ಹೇಗಿದೆ? ನೆಲಮಾಳಿಗೆಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ.

ನಿನ್ನ ತಂಗಿ


ಮಾರ್ಚ್ ೨೧

ಇಲಿಮರೀ,

ಕುಣಿಯಬೇಕು ಅನ್ನಿಸುತ್ತಿದೆ. ವಾಸನೆ ಹೋಯಿತು! ನೆಲಮಾಳಿಗೆಗೆ ಇಳಿದು ಮೂಲೆ ಮೂಲೆ ಮೂಸಿದೆ. ಪೆಟ್ರೋಲಿನ ಸುಳಿವೇ ಇಲ್ಲ. ಬದಲಿಗೆ ಹುಳಿ ಹಿಟ್ಟಿನ ಸಿಹಿ ಘಮ. ನನಗಂತೂ ಕಣ್ಣಲ್ಲಿ ನೀರು ಬಂತು. ಅತ್ತಿಗೆಯನ್ನು ಕರೆದು ಮೂಸಿಸಿದೆ. "ಹೌದು, ಅಂಗಡಿ ವಾಸನೆ ಬಂತು ರೀ" ಎಂದಳು.

ಹಿತ್ತಲಿನ ಕೊಳವೆಯ ಮುಚ್ಚಳ ತೆಗೆದು ಕಿವಿ ಇಟ್ಟರೆ ಒಳಗೆ ಗುಳುಗುಳು. ಮುಟ್ಟಿದರೆ ಬೆಚ್ಚಗೆ. ಹಿಟ್ಟಿನ ಮೇಲೆ ಗುಳ್ಳೆ ಎದ್ದರೆ ಜೀವ ಇದೆ ಎಂದು ಅರ್ಥ, ಇದನ್ನು ನನಗೆ ಯಾವ ಕರಪತ್ರವೂ ಹೇಳಿಕೊಡಬೇಕಾಗಿಲ್ಲ. ಬೀದಿಯ ಉಳಿದ ಕೊಳವೆಗಳನ್ನೂ ಹೋಗಿ ಕೇಳಿದೆ. ಒಂದೂ ಹೀಗೆ ಮಾತಾಡುವುದಿಲ್ಲ. ಅದಕ್ಕೆ ಕಾರಣ ಇದೆ. ಭಟ್ಟಿ ಹೊತ್ತಿಸಿದ ದಿನ ಹೇಳುತ್ತೇನೆ, ನೀನು ಹೆಮ್ಮೆ ಪಡುತ್ತೀಯ.

ಹೊತ್ತಿಸುವುದು ಏಪ್ರಿಲ್ ಹತ್ತಕ್ಕೆ. ಸೌದೆಗೆ ಹೇಳಿ ಬಂದೆ. ಮೈದಾ ಮೂಟೆ ತಂದಿಟ್ಟಿದ್ದೇವೆ. ತೇವ ಹಿಡಿಯದಿರಲಿ ಎಂದು ನೆಲಮಾಳಿಗೆಯ ಗವಾಕ್ಷಿಗಳಿಗೆಲ್ಲ ಗೋಣಿ ತುರುಕಿ ಮಣ್ಣು ಮೆತ್ತಿದ್ದೇನೆ. ಇನ್ನು ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದುವುದು ತಪ್ಪಿತು. ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ. ಹೌದು, ಆರು ತಿಂಗಳಿಂದ ಸಂತೆಬೀದಿಯ ಬೇಕರಿಯಲ್ಲಿ ಕೂಲಿಗೆ ನಾದುತ್ತಿದ್ದೇನೆ. ಅಲ್ಲಿಯ ಯಜಮಾನ ಮೊನ್ನೆ, "ಓನರ್ ಸಾಹೇಬ್ರೇ, ಸ್ವಲ್ಪ ಬೇಗ ಬೇಗ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೆಕ್ಕು ಮಾತ್ರ ಕೆಳಗೆ ಇಳಿಯುತ್ತಿಲ್ಲ. ಮೆಟ್ಟಿಲ ಮೇಲೆ ಕೂತು ಕೂಗುತ್ತದೆ.

ಅಣ್ಣ


ಮಾರ್ಚ್ ೩೦

ಅಣ್ಣಾ,

ಕೂಲಿಯ ವಿಷಯ ಓದಿ ಆ ದಿನ ಊಟ ಸೇರಲಿಲ್ಲ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಕೊಡು.

ಕೊಳವೆಗಳ ನೀರಿನ ಪರೀಕ್ಷೆಯ ಫಲಿತಾಂಶ ನನ್ನ ಕೈಗೆ ಬಂತು, ಟೈಪ್ ಮಾಡಲಿಕ್ಕೆ. ಉಳಿದ ಎಲ್ಲ ಕೊಳವೆಗಳಲ್ಲಿ ಪೆಟ್ರೋಲು ನಿಧಾನವಾಗಿ ಇಳಿಯುತ್ತಿದೆ. ನಾಲ್ಕನೆಯದರಲ್ಲಿ ಇಳಿದೇ ಇಲ್ಲ. ಶುರುವಿನಲ್ಲಿ ಇದ್ದಷ್ಟೇ ಇದೆ. ನೀರಿನಲ್ಲಿ ಗಾಳಿಯ ಅಂಶ ಪೂರ್ತಿ ಹೋಗಿದೆ. ಅದರ ಜೊತೆಗೆ ಒಂದು ಅನಿಲ ಇದೆ, ಅದಕ್ಕೆ ವಾಸನೆಯೇ ಇಲ್ಲವಂತೆ. ಎಂಜಿನಿಯರ್ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. "ಉಪಕರಣ ಕೆಟ್ಟಿರಬೇಕು, ಇಲ್ಲಾ ಚರಂಡಿ ನೀರು ಸೇರ್ತಿರಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹದಿನಾರನೇ ತಾರೀಖು ಅವರೇ ಬಂದು ನೋಡುತ್ತಾರೆ.

ನಿಮ್ಮ ಬಚ್ಚಲ ನೀರು ಕೊಳವೆಗೆ ಹೋಗುತ್ತಿದೆಯೇ? ಬೇರೆ ಏನಾದರೂ ಬೀಳುತ್ತಿದೆಯೇ? ಆ ಕಾರಣ ಎಂದೆಯಲ್ಲ, ಏನದು? ಅವರು ಬಂದು ನೋಡುವವರೆಗೆ ಭಟ್ಟಿ ಹೊತ್ತಿಸಬೇಡ. ಆರು ದಿನ ತಡ, ಅಷ್ಟೇ.

ನಿನ್ನ ತಂಗಿ


ಏಪ್ರಿಲ್ ೪

ತಂಗೀ,

ನಿನ್ನ ಪತ್ರ ಓದಿದರೆ ಯಾವುದೋ ಆಫೀಸಿನಿಂದ ನೋಟೀಸು ಬಂದ ಹಾಗಿತ್ತು.

ಆರು ದಿನ ತಡ ಅಷ್ಟೇ ಎನ್ನುತ್ತೀಯ. ಬೀದಿಗೆಲ್ಲ ಹೇಳಿ ಆಗಿದೆ. ಸಂತೆಬೀದಿಯ ಕೆಲಸ ಬಿಟ್ಟು ಆಗಿದೆ. ನಿಮ್ಮ ಉಪಕರಣಕ್ಕಿಂತ ನನ್ನ ಮೂಗು ಹಳೆಯದು. ಪೆಟ್ರೋಲ್ ಇದ್ದರೆ ನನಗೆ ಗೊತ್ತಾಗದೇ?

ಗುಟ್ಟು ಕೇಳಿದೆಯಲ್ಲ, ಕೇಳು. ಆ ತೆಳ್ಳನೆ ನೀರು ಕುಡಿದು ಪಾಪ ಆ ಜೀವಾಣುಗಳು ಏನು ಕೆಲಸ ಮಾಡಾವು ಎಂದು ನಾನೇ ಊಟ ಹಾಕುತ್ತಿದ್ದೇನೆ. ಫೆಬ್ರುವರಿ ಕೊನೆಯಿಂದ ದಿನಾ ಮಧ್ಯಾಹ್ನ ಸಂತೆಬೀದಿಯಿಂದ ಬರುವಾಗ ಅಲ್ಲಿ ಉಳಿದ ಒಣ ಬನ್ನು, ಸಕ್ಕರೆ ಪಾಕದ ತಳ, ಹಳಸಿದ ಈಸ್ಟು, ಎಲ್ಲ ಹೊತ್ತು ತರುತ್ತಿದ್ದೆ. ಬಿಸಿನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ಒಂದು ಬಕೆಟ್ ಪೂರ್ತಿ ಕೊಳವೆಗೆ ಸುರಿಯುತ್ತಿದ್ದೆ. ಅತ್ತಿಗೆ ಮುಚ್ಚಳ ಹಿಡಿದು ನಿಲ್ಲುತ್ತಿದ್ದಳು. ಮೊದಲ ವಾರ ಸುಮ್ಮನಿತ್ತು. ಆಮೇಲೆ ಗುಳುಗುಳು ಶುರು. ನೀನು ಬರೆದದ್ದನ್ನೇ ನಾನು ಮಾಡಿದ್ದು. ನೆಲ ಹಿಟ್ಟು, ಜೀವಾಣು ಈಸ್ಟು. ಸಕ್ಕರೆ ಸಾಲದೆ ಹೋದರೆ ಹಿಟ್ಟು ಏಳುತ್ತದೆಯೇ?

ಗುರುವಾರದವರಿಗೆ ಹೇಳಿಲ್ಲ. ಹೇಳಿದರೆ ಅವರ ಹೆಸರಿಗೆ ಬರೆದುಕೊಳ್ಳುತ್ತಾರೆ.

ಹತ್ತಕ್ಕೇ ಹೊತ್ತಿಸುತ್ತೇನೆ. ಮೊದಲ ಬ್ರೆಡ್ಡು ನಿನಗೆ ಪಾರ್ಸೆಲ್.

ಅಣ್ಣ


ಏಪ್ರಿಲ್ ೮

ಅಣ್ಣಾ,

ಈ ಪತ್ರವನ್ನು ನಿಮ್ಮ ಬೀದಿಗೆ ಹೊಟ್ಟಿನ ಮೂಟೆ ತರುವ ಲಾರಿಯ ಡ್ರೈವರ್ ಕೈಲಿ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿನ್ನ ಕೈ ಸೇರುತ್ತದೆ. ಬಾಗಿಲಲ್ಲೇ ನಿಂತು ಓದು. ಕೆಳಗೆ ಇಳಿಯಬೇಡ.

ಭಟ್ಟಿ ಹೊತ್ತಿಸಬೇಡ. ನೆಲಮಾಳಿಗೆಯಲ್ಲಿ ದೀಪದ ಸ್ವಿಚ್ಚನ್ನೂ ಮುಟ್ಟಬೇಡ. ಗವಾಕ್ಷಿಯ ಗೋಣಿಗಳನ್ನು ಹೊರಗಿನಿಂದ ಕಿತ್ತು ಹಾಕು.

ಆ ಹೋಲಿಕೆ ತಪ್ಪು. ಇವತ್ತು ಎಂಜಿನಿಯರ್ ಮೇಜಿನ ಮುಂದೆ ಹೋಗಿ ನಿಂತು ಕೇಳಿದೆ, ಎಲ್ಲಿ ಕುಂಟುತ್ತದೆ ಎಂದು. ಅವರು ಹೇಳಿದರು: "ಈಸ್ಟಿಗೆ ಸಕ್ಕರೆ ಬಿಟ್ಟು ಬೇರೆ ಊಟ ಇಲ್ಲ. ಇವಕ್ಕೆ ನಾವು ತಿನ್ನಿಸಬೇಕಾಗಿರೋದು ಪೆಟ್ರೋಲು. ಸಕ್ಕರೆ ಹೆಚ್ಚು ಹಾಕಿದ್ರೆ ಅದನ್ನೇ ತಿಂದ್ಕೊಂಡು ಕೂರ್ತವೆ, ಪೆಟ್ರೋಲಿನ ಕಡೆ ತಿರುಗಿಯೂ ನೋಡಲ್ಲ." ಅಷ್ಟೇ ಅಲ್ಲ ಅಣ್ಣಾ. ಅವು ತಿಂದು ತಿಂದು ನೆಲದೊಳಗಿನ ಗಾಳಿಯೆಲ್ಲ ಮುಗಿದ ಮೇಲೆ ಬೇರೆ ಜಾತಿಯ ಜೀವಾಣುಗಳು ಹುಟ್ಟುತ್ತವೆ. ಅವು ಉರಿಯುವ ಅನಿಲ ಬಿಡುತ್ತವೆ. ನಿನ್ನ ಗುಳುಗುಳು ಅದೇ. ಅದಕ್ಕೆ ವಾಸನೆ ಇಲ್ಲ, ನಿನ್ನ ಮೂಗಿಗೆ ಅದು ಸಿಗುವುದಿಲ್ಲ. ಪೆಟ್ರೋಲು ಎಲ್ಲೂ ಹೋಗಿಲ್ಲ, ಹುಳಿ ಘಮದ ಹಿಂದೆ ಅಡಗಿದೆ. ಅನಿಲ ಮಣ್ಣಿನ ಸಂದಿಯಿಂದ ಎದ್ದು ತಗ್ಗಿನ ಕೋಣೆಗಳಲ್ಲಿ ತುಂಬುತ್ತದೆ. ಮೇಲೆ ನೀನು ಗೋಣಿ ತುರುಕಿದ್ದೀಯ.

ಕಟಿಂಗ್ ಶಾಪಿಗೆ ಫೋನ್ ಮಾಡಿದೆ, ಕತ್ತರಿಯವರೇ ಎತ್ತಿಕೊಂಡರು. "ನಿಮ್ಮಣ್ಣ ಸೌದೆ ತರೋಕೆ ಹೋಗಿದಾನಮ್ಮ" ಎಂದರು. ಹೊತ್ತಿಸಬೇಡ ಎಂದು ಹೇಳಿ ಎಂದೆ. "ನಿಮ್ಮ ಅಣ್ಣ ತಂಗಿ ಜಗಳದಲ್ಲಿ ನನ್ನ ಯಾಕೆ ಎಳೀತೀಯ, ಸೋಪು ಒಣಗ್ತಾ ಇದೆ, ಇಡ್ತೀನಿ" ಎಂದರು. ಹಿಂದಿನಿಂದ ಯಾರೋ ನಗುತ್ತಿದ್ದರು. ಮತ್ತೆ ಫೋನ್ ಮಾಡುವ ಧೈರ್ಯವಾಗದೆ ಈ ಪತ್ರ ಬರೆಯಲು ಕೂತೆ.

ಎಂಜಿನಿಯರಿಗೆ ನೀನು ಮಾಡಿದ್ದನ್ನು ಹೇಳಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದವಳ ಹಾಗೆ ಕೇಳಿ ಬಂದೆ. ಹೇಳಿದರೆ ಇಡೀ ಬೀದಿ ನಿನ್ನ ಮೇಲೆ ಬೀಳುತ್ತದೆ. ನೀನು ಹೊತ್ತಿಸುವುದಿಲ್ಲ ಎಂದು ಬರೆದುಕೊಟ್ಟರೆ ಹದಿನಾರರವರೆಗೆ ನಾನೂ ಸುಮ್ಮನಿರುತ್ತೇನೆ.

ನಿನ್ನ ತಂಗಿ


ಏಪ್ರಿಲ್ ೯

ಇಲಿಮರೀ,

ಬಾಗಿಲಲ್ಲೇ ನಿಂತು ಓದಿದೆ. ಹೊತ್ತಿಸುವುದಿಲ್ಲ. ಆಯಿತಲ್ಲ?

ಅತ್ತಿಗೆಗೆ ಹೊಗೆಗೂಡು ಬಿರುಕು ಬಿಟ್ಟಿದೆ ಎಂದು ಹೇಳಿದ್ದೇನೆ. ಅವಳು ಬ್ರೆಡ್ಡು ಬೇಯಿಸಲೆಂದು ತೊಳೆದಿಟ್ಟ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಅಟ್ಟಕ್ಕೆ ಹಾಕಿದಳು. ಕತ್ತರಿ, "ಮುಹೂರ್ತ ಮುಂದಕ್ಕೆ ಹೋಯ್ತಾ?" ಎಂದ. ಹೂಂ ಎಂದೆ.

ಗೋಣಿ ಕಿತ್ತೆ. ಗಾಳಿ ಆಡುತ್ತಿದೆ. ಕೊಳವೆಗೂ ಒಂದು ಗತಿ ಕಾಣಿಸಿದೆ. ಇಷ್ಟಕ್ಕೆಲ್ಲ ಮೂಲ ಅದೇ ತಾನೇ? ಬಾಯಿಗೆ ರಬ್ಬರ್ ಹಾಳೆ ಸುತ್ತಿ, ಮುಚ್ಚಳ ಬಿಗಿದು, ಸಿಮೆಂಟ್ ಮೆತ್ತಿ, ಮೇಲೆ ಎರಡು ಚಪ್ಪಡಿ ಹೇರಿದ್ದೇನೆ. ಇನ್ನು ಅಲ್ಲಿಂದ ಒಂದು ಗುಳ್ಳೆಯೂ ಮೇಲೆ ಬರಲಾರದು. ಗುಳುಗುಳು ನಿಂತೇಹೋಯಿತು.

ಹದಿನಾರಕ್ಕೆ ನಿಮ್ಮ ಕನ್ನಡಕ ಬರಲಿ, ಅವರೇ ಕಂಡುಹಿಡಿಯಲಿ. ನೀನು ಹೇಳಬೇಡ. ನಾನೂ ಹೇಳುವುದಿಲ್ಲ. ಡ್ರೈವರ್ ಇನ್ನೂ ಎರಡು ಊರಿಗೆ ಹೋಗಿ ಅಲ್ಲಿಗೆ ಬರುತ್ತಾನಂತೆ, ಅವನ ಕೈಲೇ ಕೊಡುತ್ತಿದ್ದೇನೆ.

ಅಣ್ಣ


ಏಪ್ರಿಲ್ ೧೧, ಸಂಜೆ

ಅಣ್ಣಾ,

ನಿನ್ನ ಪತ್ರ ಈಗ, ನಾಲ್ಕು ಗಂಟೆಗೆ, ಕೈಗೆ ಬಂತು. ಕೊಳವೆಯ ಬಾಯಿ ಮುಚ್ಚಿದರೆ ಅನಿಲ ನಿಲ್ಲುವುದಿಲ್ಲ ಅಣ್ಣಾ. ನೆಟ್ಟಗೆ ಮೇಲೆ ಬರುತ್ತಿದ್ದದ್ದು ಈಗ ಅಡ್ಡಕ್ಕೆ ಹರಿಯುತ್ತದೆ. ಬೇಲಿಯ ಆ ಕಡೆ ಕಟಿಂಗ್ ಶಾಪಿನ ಹಿಂದಿನ ಕೋಣೆ ಇದೆ. ರಸ್ತೆಗಿಂತ ಮೂರು ಮೆಟ್ಟಿಲು ತಗ್ಗು, ಕಿಟಕಿ ಇಲ್ಲ. ಅಂಗಡಿ ತೆಗೆದ ಕೂಡಲೇ ಅವರು ಅಲ್ಲಿಗೆ ಇಳಿದು ಕಡ್ಡಿ ಗೀರಿ ನೀರು ಕಾಯಿಸುವ ಬಾಯ್ಲರ್ ಹೊತ್ತಿಸುತ್ತಾರೆ. ಸಣ್ಣವಳಿದ್ದಾಗ ನೀನು ನನ್ನ ಕೂದಲು ಕತ್ತರಿಸಲು ಕರೆದುಕೊಂಡು ಹೋದಾಗೆಲ್ಲ ನೋಡಿದ್ದೇನೆ.

ನಾನು ಹೇಳಿಬಿಟ್ಟೆ. ಮೀಟಿಂಗ್ ನಡೆಯುತ್ತಿದ್ದ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ನಾಲ್ಕನೇ ಕೊಳವೆ ನನ್ನ ಅಣ್ಣನ ಮನೆಯದು ಎಂದೆ, ಬಕೆಟ್ಟಿನ ವಿಷಯ ಹೇಳಿದೆ, ಚಪ್ಪಡಿಯ ವಿಷಯ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಎಂಜಿನಿಯರ್ ಎದ್ದು ಜೀಪಿನ ಕೀಲಿ ಕೇಳಿದರು. ಸಾಹೇಬರು, "ಊರೆಲ್ಲ ಗುಲ್ಲೆಬ್ಬಿಸೋದು ಬೇಡ, ನಮ್ಮವರೇ ಹೋಗಿ ನೋಡ್ಲಿ" ಎಂದರು. ನಾನು ಹೊರಗೆ ಬಂದು ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ.

"ಬೆಂಕಿ ಎಲ್ಲಮ್ಮಾ?"

"ಇನ್ನೂ ಬಿದ್ದಿಲ್ಲ."

"ಮತ್ತೆ?"

"ಬೀಳತ್ತೆ. ನೆಲದೊಳಗೆ ಗ್ಯಾಸ್ ಇದೆ."

"ಯಾರು ಹೇಳಿದ್ರು? ವಾಸನೆ ಬರ್ತಿದೆಯಾ?"

"ಅದಕ್ಕೆ ವಾಸನೆ ಇರಲ್ಲ."

"ಎಲ್ಲಿಂದ ಮಾತಾಡ್ತಿದೀರಾ?"

ಊರಿನ ಹೆಸರು ಹೇಳಿದೆ. "ಅಷ್ಟು ದೂರದಿಂದ ನಿಮಗೆ ಕಾಣಿಸ್ತಾ? ಬಿದ್ದ ಮೇಲೆ ಮಾಡಿ" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದೆ, ಕೂಗಿದೆ. ವಿಳಾಸ ಬರೆದುಕೊಂಡ ಹಾಗೆ ಕೇಳಿಸಿತು. ಖಾತ್ರಿ ಇಲ್ಲ. ಕಟಿಂಗ್ ಶಾಪಿನ ಫೋನ್ ರಿಂಗ್ ಆಗುತ್ತಲೇ ಇದೆ. ಇವತ್ತು ಅವರಿಗೆ ವಾರದ ರಜೆ ಎಂದು ಈಗ ನೆನಪಾಯಿತು. ಹಾಗಾದರೆ ಆ ಕೋಣೆ ನಿನ್ನೆಯಿಂದ ಮುಚ್ಚಿಯೇ ಇದೆ.

ಜೀಪಿಗೆ ಯಂತ್ರ ಹೇರುತ್ತಿದ್ದಾರೆ, ನನಗೆ ಜಾಗ ಇಲ್ಲ. ಈ ಪತ್ರ ಎಂಜಿನಿಯರ್ ಕೈಯಲ್ಲೇ ಬರುತ್ತದೆ. ಎಷ್ಟು ಜೋರಾಗಿ ಓಡಿಸಿದರೂ ತಲುಪುವಾಗ ಬೆಳಿಗ್ಗೆ ಎಂಟಾಗುತ್ತದಂತೆ. ಅವರು ಬಾಗಿಲು ತಟ್ಟಿದರೆ ಏನನ್ನೂ ಮುಚ್ಚಿಡಬೇಡ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಪರವಾಗಿಲ್ಲ, ಇದನ್ನು ಓದುವಷ್ಟು ಹೊತ್ತೂ ಕಾಯಬೇಡ. ಅತ್ತಿಗೆಯನ್ನು ಕರೆದುಕೊಂಡು ಪಕ್ಕದವರ ಬಾಗಿಲಿಗೆ ಓಡು.

ನಿನ್ನ ತಂಗಿ


ಏಪ್ರಿಲ್ ೧೧, ಸಂಜೆ

ಇಲಿಮರೀ,

ಎರಡು ದಿನದಿಂದ ನೆಲಮಾಳಿಗೆಯಲ್ಲಿ ಗಾಳಿ ಓಡಾಡಿ ಮನೆಯೇ ಹಗುರಾದ ಹಾಗಿದೆ. ಅತ್ತಿಗೆಯ ತಲೆನೋವು ನಿಂತಿತು. ಬೆಕ್ಕು ಇವತ್ತು ತಾನಾಗಿ ಕೆಳಗೆ ಹೋಗಿ ಮಲಗಿತ್ತು. ನೀನು ಹೇಳಿದ್ದು ಸರಿ. ಒಪ್ಪಿಕೊಳ್ಳಲು ತಡವಾಯಿತು, ದೊಡ್ಡವನಲ್ಲವೇ ನಾನು.

ಅತ್ತಿಗೆಗೆ ನಿಜ ಹೇಳಿದೆ. "ಹೊಗೆಗೂಡು ಬಿರುಕು ಬಿಟ್ಟಿಲ್ಲ ಅಂತ ನಂಗೆ ಗೊತ್ತಿತ್ತು, ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ" ಎಂದಳು. ಆಮೇಲೆ, "ಪಕ್ಕದವನಿಗೂ ಹೇಳಿಬಿಡಿ. ಯಾರಿಂದಲೋ ಕೇಳೋದಕ್ಕಿಂತ ನಿಮ್ಮಿಂದ ಕೇಳ್ಲಿ" ಎಂದಳು. ಇಷ್ಟು ವರ್ಷ ಗೋಡೆ ಹಂಚಿಕೊಂಡವನು. ನನ್ನ ಬನ್ನನ್ನು ಆಡಿಕೊಂಡರೂ ಭಟ್ಟಿ ಆರಿದ ದಿನ ಅಂಗಡಿ ಮುಚ್ಚಿ ಬಂದು ನನ್ನ ಪಕ್ಕ ಕೂತಿದ್ದ.

ಸಂಜೆ ಅವನೇ ಬೇಲಿಯ ಹತ್ತಿರ ಸಿಕ್ಕಿದ. ಮಗಳ ಮನೆಯಿಂದ ಆಗತಾನೇ ಬಂದು, ನಾಳೆಗೆಂದು ಹಿಂದಿನ ಕೋಣೆ ಒರೆಸಿ ಬಾಗಿಲು ಹಾಕುತ್ತಿದ್ದ. "ನೋಡೋ, ಸೋಪಿನ ನೀರು ಹಾಕಿದ್ರೆ ಕಲ್ಲಿನ ಸಂದಿಯಿಂದ ತಾನಾಗೇ ಗುಳ್ಳೆ ಏಳ್ತಾವೆ. ಒರೆಸಿದಷ್ಟೂ ಏಳ್ತಾವೆ. ನನ್ನ ನೆಲಕ್ಕೂ ಹುದುಗು ಬಂತಾ?" ಎಂದು ನಕ್ಕ. ನಾನೂ ನಕ್ಕೆ. ಆಗಲೇ ಹೇಳಬೇಕು ಅಂದುಕೊಂಡೆ. ಅವನ ಹೆಂಡತಿ ಅಲ್ಲೇ ನಿಂತಿದ್ದಳು, ಬಾಯಿ ಕಟ್ಟಿತು. ನಮ್ಮ ಮನೆಯಲ್ಲಿ ಬಾಯಿಲ್ಲದವಳು ನೀನೊಬ್ಬಳೇ ಅಂದುಕೊಂಡಿದ್ದೆ.

ನಾಳೆ ಹೇಳುತ್ತೇನೆ. ತಿಂಗಳಿಂದ ಗಡ್ಡ ಬಿಟ್ಟಿದ್ದೇನೆ, ಅದೇ ನೆಪ. ಅವನ ಕುರ್ಚಿಯಲ್ಲಿ ಕೂತು, ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಹೇಳಿಬಿಟ್ಟರೆ ಆಯಿತು. "ಆರೂವರೆಗೇ ಬಾ, ಬೇರೆಯವರು ಬರೋದ್ರೊಳಗೆ. ನೀನು ಬಂದು ಕೂತ್ಮೇಲೇ ಬಾಯ್ಲರ್ ಹೊತ್ತಿಸ್ತೀನಿ, ನೀರು ಕಾಯೋವರೆಗೆ ಮಾತಾಡೋಣ" ಎಂದಿದ್ದಾನೆ.

ಈ ಪತ್ರವನ್ನು ಹೋಗುವಾಗ ಅಂಚೆ ಡಬ್ಬಿಗೆ ಹಾಕುತ್ತೇನೆ. ಅವನು ಏನಂದ ಎಂದು ಬಂದು ಬರೆಯುತ್ತೇನೆ.

ಅಣ್ಣ